ಮುಟ್ಟು ನಿಂತ ಮೇಲೆ ವಿಟಮಿನ್ ಡಿ ಮತ್ತು ಸಕ್ಕರೆ ಕಾಯಿಲೆ

ಮಂಜೇಶ್ವರ, ಕುಂಬಳೆಯ ಕಡೆ ಬೀಡಿ ಕಟ್ಟುವ ಹೆಂಗಸರು ಬೆಳಗಿನ ಕೆಲಸ ಮುಗಿಸಿ, ಮಡಿಲಲ್ಲಿ ತಡಪೆ ಇಟ್ಟುಕೊಂಡು ಜಗಲಿಯಲ್ಲಿ ಕುಳಿತರೆಂದರೆ ಮತ್ತೆ ಏಳುವುದು ಮಧ್ಯಾಹ್ನದ ಗಂಜಿಯ ಹೊತ್ತಿಗೆ. ನಾಲ್ಕು ಮಾರು ಆಚೆ ಅಂಗಳದಲ್ಲಿ ಬಿಸಿಲು ಸುರಿಯುತ್ತಿರುತ್ತದೆ, ಅವರ ಮೈಗೆ ಮಾತ್ರ ತಾಗುವುದಿಲ್ಲ. ತೋಟಕ್ಕಿಳಿಯುವವರಿಗೂ ಅಡಿಕೆ ಮರಗಳ ನೆರಳೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಮೋಡ. ಇಷ್ಟು ಬಿಸಿಲಿರುವ ಕಾಸರಗೋಡಿನಲ್ಲಿ ವಿಟಮಿನ್ ಡಿ ಕೊರತೆ ಎಲ್ಲಿಂದ ಬಂತು ಎಂದು ಕೇಳುವವರು ಇದನ್ನು ಗಮನಿಸಬೇಕು.

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಒಂದು ಭಾಗ ಚರ್ಮಕ್ಕೆ ಬಿದ್ದಾಗ ಅಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ಅದು ಮೊದಲು ಯಕೃತ್ತಿನಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ರೂಪಾಂತರಗೊಂಡು ಕೆಲಸಕ್ಕೆ ಬರುತ್ತದೆ. ಎಪ್ಪತ್ತರ ಚರ್ಮ ಇಪ್ಪತ್ತರ ಚರ್ಮ ತಯಾರಿಸುವುದರ ಸುಮಾರು ಕಾಲುಭಾಗವನ್ನಷ್ಟೇ ತಯಾರಿಸಬಲ್ಲದು. ಮುಟ್ಟು ನಿಂತು ಈಸ್ಟ್ರೋಜನ್ ಎಂಬ ಹೆಣ್ತನದ ಹಾರ್ಮೋನು ಇಳಿದಾಗ ಸೊಂಟ, ತೊಡೆಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ. ಈ ಕೊಬ್ಬು, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್‌ನ ಮಾತು ಮೈ ಕೇಳದಂತೆ ಮಾಡುತ್ತದೆ. ಇನ್ನೊಂದೆಡೆ, ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳಲ್ಲಿಯೂ ವಿಟಮಿನ್ ಡಿಯನ್ನು ಗುರುತಿಸುವ ಗ್ರಾಹಕಗಳಿವೆ.

ಹಾಗೆಂದು ಕೊರತೆಯೇ ಸಕ್ಕರೆ ಕಾಯಿಲೆಗೆ ಕಾರಣ ಎನ್ನಲು ಬರುವುದಿಲ್ಲ. ಮನೆಯೊಳಗಿನ ಬದುಕು, ನಡಿಗೆಯ ಕೊರತೆ, ಬೊಜ್ಜು ಇವು ಎರಡನ್ನೂ ಒಟ್ಟಿಗೇ ತರಬಲ್ಲವು. ಅಮೆರಿಕದಲ್ಲಿ ಕಾಯಿಲೆಯ ಅಂಚಿನಲ್ಲಿದ್ದ 2,423 ಸ್ತ್ರೀಪುರುಷರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪಿಗೆ ದಿನಕ್ಕೆ 4,000 ಯೂನಿಟ್ ವಿಟಮಿನ್ ಡಿ ಕೊಟ್ಟು ಸುಮಾರು ಎರಡೂವರೆ ವರ್ಷ ಗಮನಿಸಿದಾಗ, ಕಾಯಿಲೆ ಬರುವುದರಲ್ಲಿ ಎರಡು ಗುಂಪುಗಳ ನಡುವೆ ಖಚಿತವೆನ್ನುವಂಥ ವ್ಯತ್ಯಾಸ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಕೊರತೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಇದೂ ಸೇರಿ ಮೂರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯಲ್ಲಿ ಅಪಾಯ ಸುಮಾರು ಶೇಕಡಾ 15ರಷ್ಟು ಇಳಿದದ್ದು ಕಂಡಿತು. ನನ್ನ ದೃಷ್ಟಿಯಲ್ಲಿ ಇದು ಅಲ್ಲಗಳೆಯುವಂಥದ್ದಲ್ಲ, ಆದರೆ ಇದನ್ನು ನಂಬಿ ಸಕ್ಕರೆಯ ಮಾತ್ರೆ ಬಿಡುವಂತೆಯೂ ಇಲ್ಲ.

ಕೊರತೆ ಇದ್ದರೆ ಎಲುಬಿನ ಸಲುವಾಗಿಯಾದರೂ ಅದನ್ನು ತುಂಬಿಕೊಳ್ಳಲೇಬೇಕು. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಬೂತಾಯಿ, ಬಂಗುಡೆ ತಿನ್ನುವ ಮನೆಗಳಿಗೆ ಊಟದಿಂದಲೂ ಸ್ವಲ್ಪ ಸಿಗುತ್ತದೆ. ಸಸ್ಯಾಹಾರಿಗಳಿಗೆ ಆ ದಾರಿ ಕಿರಿದು. ವೈದ್ಯರು ಬರೆಯುವ 60,000 ಯೂನಿಟ್‌ನ ಪುಡಿ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವು ವಾರಗಳ ಮಟ್ಟಿಗೆ. ಅದನ್ನೇ ದಿನವೂ ನುಂಗುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಶುರುವಾಗಬಹುದು. ಸಕ್ಕರೆ ಏರಿದಾಗಲೂ ಲಕ್ಷಣಗಳು ಇವೇ ಆದ್ದರಿಂದ, ಸಕ್ಕರೆಯನ್ನಷ್ಟೇ ಪರೀಕ್ಷಿಸಿದರೆ ಕ್ಯಾಲ್ಸಿಯಂ ಏರಿದ್ದು ತಿಳಿಯದೇ ಹೋಗುತ್ತದೆ.