ಸುಣ್ಣ ಹಾಕಿದರೆ ಲೋಹ ಎಲ್ಲಿಗೆ ಹೋಗುತ್ತೆ? ಸಡ್ಬರಿ ಬೆಟ್ಟಗಳ ಟಿಪ್ಪಣಿ

ಲೋಹ ಸೇರಿ ಕೆಟ್ಟ ಗಣಿ ನೆಲವನ್ನು ಸರಿಪಡಿಸುವುದು ಹೇಗೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ತುಂಬಾ ಜನ ಒಂದೇ ಉತ್ತರ ಬರೆಯುತ್ತಾರೆ: ಗಿಡ ನೆಟ್ಟರೆ ಅವು ಲೋಹ ಹೀರಿಕೊಂಡು ಮಣ್ಣನ್ನು ಶುದ್ಧ ಮಾಡುತ್ತವೆ. ಅಂಥ ಗಿಡಗಳು ಇರುವುದು ನಿಜ. ಆದರೆ ದೊಡ್ಡ ಗಣಿ ಪ್ರದೇಶಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆಯೇ ಕೆಲಸ. ಲೋಹ ಮಣ್ಣಲ್ಲೇ ಉಳಿಯುತ್ತದೆ. ಅದು ಬೇರಿಗೆ ಸಿಗದ ಹಾಗೆ ಮಾಡುತ್ತಾರೆ, ಅಷ್ಟೇ. ಈ ವ್ಯತ್ಯಾಸ ಗಟ್ಟಿಯಾಗಿ ತಲೆಗೆ ಹೋದರೆ ಅಧ್ಯಾಯದ ಅರ್ಧ ಭಾಗ ಮುಗಿದ ಹಾಗೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಡ್ಬರಿ.

ಮೊದಲು ಲೆಕ್ಕ ಮಾಡಿ ನೋಡೋಣ. ಒಂದು ಹೆಕ್ಟೇರ್ ನೆಲದ ಮೇಲಿನ 20 ಸೆಂ.ಮೀ. ಮಣ್ಣು ತೆಗೆದುಕೊಳ್ಳಿ. ಸಾಂದ್ರತೆ ಘನ ಮೀಟರ್‌ಗೆ 1.3 ಟನ್ ಅಂದುಕೊಂಡರೆ ತೂಕ 2,600 ಟನ್. ಒಂದು ಕೆ.ಜಿ. ಮಣ್ಣಿನಲ್ಲಿ 1,000 ಮಿ.ಗ್ರಾಂ. ನಿಕಲ್ ಇದ್ದರೆ ಒಟ್ಟು 2,600 ಕೆ.ಜಿ. ನಿಕಲ್ ಆಯಿತು. ಅದನ್ನು ಅರ್ಧಕ್ಕೆ ಇಳಿಸಬೇಕು, ಅಂದರೆ 1,300 ಕೆ.ಜಿ. ಹೊರಗೆ ತೆಗೆಯಬೇಕು. ಅಲಿಸಮ್ ಮ್ಯೂರಾಲೆ ಅನ್ನುವ ಗಿಡ ತನ್ನ ಒಣ ತೂಕದ ಶೇ 1ರಷ್ಟು ನಿಕಲ್ ತುಂಬಿಕೊಳ್ಳಬಲ್ಲದು. ವರ್ಷಕ್ಕೆ 10 ಟನ್ ಒಣ ಸೊಪ್ಪು ಬಂತು ಅಂದುಕೊಂಡರೂ 100 ಕೆ.ಜಿ. ನಿಕಲ್. ಎಲ್ಲವೂ ಸರಿಯಾಗಿ ನಡೆದರೆ 13 ವರ್ಷ. ಅದೇ ಜಾಗದಲ್ಲಿ ಸಾಮಾನ್ಯ ಹುಲ್ಲು ಬೆಳೆಸಿ ನೋಡಿ. 5 ಟನ್ ಒಣ ಹುಲ್ಲು, ಕೆ.ಜಿ.ಗೆ 50 ಮಿ.ಗ್ರಾಂ. ನಿಕಲ್ ಅಂದರೆ ವರ್ಷಕ್ಕೆ ಬರೀ 250 ಗ್ರಾಂ. 5,200 ವರ್ಷ ಬೇಕು! ಹಾಗಾಗಿ "ಯಾವ ಗಿಡವಾದರೂ ಲೋಹ ಹೀರುತ್ತದೆ" ಅನ್ನುವ ವಾಕ್ಯವನ್ನು ಉತ್ತರ ಪತ್ರಿಕೆಯಲ್ಲಿ ದಯವಿಟ್ಟು ಬರೆಯಬೇಡಿ. ಇನ್ನೊಂದು ತೊಡಕೂ ಇದೆ. ಲೋಹ ಹೀರುವುದರಲ್ಲಿ ಗಟ್ಟಿಗ ಗಿಡಗಳು ಸಾಮಾನ್ಯವಾಗಿ ಒಂದೆರಡು ಲೋಹಕ್ಕೆ ಮಾತ್ರ ಒಗ್ಗಿರುತ್ತವೆ. ಸಡ್ಬರಿಯ ಮಣ್ಣಲ್ಲಿ ನಿಕಲ್ ಜೊತೆ ತಾಮ್ರವೂ ಇತ್ತು, ಅದರ ಮೇಲೆ ಮಣ್ಣು ವಿಪರೀತ ಹುಳಿಯಾಗಿತ್ತು.

ಅಲ್ಲಿ ಆಗಿದ್ದೇನು? ಸುಮಾರು 185 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಬಂದು ಅಪ್ಪಳಿಸಿದ ಜಾಗ ಅದು. ಅಲ್ಲಿನ ನಿಕಲ್ ಮತ್ತು ತಾಮ್ರದ ಅದಿರಿಗೂ ಆ ಘಟನೆಗೂ ನಂಟಿದೆ. ಅದಿರಿನಲ್ಲಿ ಗಂಧಕ ಜಾಸ್ತಿ. ಅದನ್ನು ಕಳೆಯಲು 1888ರಿಂದ 1929ರವರೆಗೆ ಸೌದೆ ಹಾಸಿ, ಅದರ ಮೇಲೆ ಅದಿರು ಪೇರಿಸಿ, ಬಯಲಲ್ಲೇ ತಿಂಗಳುಗಟ್ಟಲೆ ಸುಡುತ್ತಿದ್ದರು. ಸೌದೆಗೆ ಸುತ್ತಲಿನ ಕಾಡು ಹೋಯಿತು. ಉಳಿದ ಗಿಡಗಳನ್ನು ನೆಲದ ಮಟ್ಟದಲ್ಲೇ ಹರಡುತ್ತಿದ್ದ ಸಲ್ಫರ್ ಡೈಆಕ್ಸೈಡ್ ಹೊಗೆ ಸುಟ್ಟಿತು. ಗಿಡ ಹೋದ ಮೇಲೆ ಮಳೆ ಮಣ್ಣನ್ನು ತೊಳೆದುಕೊಂಡು ಹೋಯಿತು. ಬಂಡೆಗಳು ಹೊಗೆಗೆ ಕಪ್ಪಾದವು. ಕೊನೆಗೆ ಸುಮಾರು 20,000 ಹೆಕ್ಟೇರ್ ಪೂರ್ತಿ ಬೋಳು, ಇನ್ನೂ 80,000 ಹೆಕ್ಟೇರ್ ಅರೆಬೋಳು.

1960ರ ಸುಮಾರಿಗೆ ಅಲ್ಲಿನ ಅದಿರು ಕರಗಿಸುವ ಕುಲುಮೆಗಳಿಂದ ವರ್ಷಕ್ಕೆ 20 ಲಕ್ಷ ಟನ್‌ಗಿಂತ ಜಾಸ್ತಿ ಸಲ್ಫರ್ ಡೈಆಕ್ಸೈಡ್ ಗಾಳಿಗೆ ಸೇರುತ್ತಿತ್ತು. 1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ಶುರುವಾಯಿತು. ಅದು ಹೊಗೆಯನ್ನು ದೂರಕ್ಕೆ ಚದುರಿಸಿತು. ಊರಿನ ಗಾಳಿ ಸುಧಾರಿಸಿದರೂ ಹೊಗೆಯ ಪಾಲು ಬೇರೆಯವರಿಗೆ ಹೋಯಿತು ಅನ್ನುವುದನ್ನು ಮರೆಯಬಾರದು. ಹೊಗೆಯ ಪ್ರಮಾಣವೇ ಶೇ 90ಕ್ಕಿಂತ ಜಾಸ್ತಿ ಇಳಿದಿದ್ದು ಮುಂದಿನ ದಶಕಗಳಲ್ಲಿ. ಮೇಲಿಂದ ಹುಳಿ ಬೀಳುತ್ತಲೇ ಇದ್ದರೆ ಕೆಳಗೆ ಎಷ್ಟು ಸುಣ್ಣ ಹಾಕಿದರೂ ದಂಡ, ಅಲ್ವಾ? ಮೂಲ ನಿಲ್ಲಿಸುವುದು ಮೊದಲು, ಮಣ್ಣಿನ ಕೆಲಸ ಆಮೇಲೆ.

ಈಗ ಮುಖ್ಯ ಭಾಗ. ಸುಣ್ಣ ಏನು ಮಾಡುತ್ತದೆ?

ಹುಳಿ ಮಣ್ಣಲ್ಲಿ ಹೈಡ್ರೋಜನ್ ಅಯಾನುಗಳು ಜಾಸ್ತಿ. ಜೇಡಿಯ ಕಣ, ಕಬ್ಬಿಣದ ಆಕ್ಸೈಡ್, ಕೊಳೆತ ಸೊಪ್ಪಿನ ಅಂಶ, ಇವುಗಳ ಮೇಲ್ಮೈಯಲ್ಲಿ ಲೋಹ ಅಂಟಿಕೊಳ್ಳುವ ಜಾಗಗಳಿರುತ್ತವೆ. ಹೈಡ್ರೋಜನ್ ಅಲ್ಲಿ ಮೊದಲೇ ಕೂತುಬಿಟ್ಟರೆ ತಾಮ್ರ, ನಿಕಲ್ ನೀರಿಗೆ ಇಳಿಯುತ್ತವೆ. ನೀರಿಗೆ ಇಳಿದದ್ದೇ ಬೇರಿಗೆ ಸಿಗುವುದು. ಸುಣ್ಣದ ಕಲ್ಲಿನ ಪುಡಿ ಹೈಡ್ರೋಜನ್ ಅನ್ನು ಮುಗಿಸುತ್ತದೆ, ಜಾಗ ಖಾಲಿಯಾಗುತ್ತದೆ, ಲೋಹ ಮತ್ತೆ ಕಣಕ್ಕೆ ಅಂಟುತ್ತದೆ. ಅಲ್ಯೂಮಿನಿಯಂ ಕಥೆ ಇನ್ನೂ ಸ್ಪಷ್ಟ. ಇದು ಚಿಮಣಿಯಿಂದ ಬಂದದ್ದಲ್ಲ, ಮಣ್ಣಲ್ಲೇ ಇದ್ದದ್ದು. ಹುಳಿ ಹೆಚ್ಚಾದಾಗ ಕರಗಿ ಬೇರಿಗೆ ವಿಷವಾಗುತ್ತದೆ. ಸುಣ್ಣ ಬಿದ್ದರೆ ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗುತ್ತದೆ, ಅದರಲ್ಲಿ ಒಂದು ಅಲ್ಯೂಮಿನಿಯಂಗೆ ಮೂರು ಹೈಡ್ರಾಕ್ಸೈಡ್. ಪಿಎಚ್ (ಹುಳಿಯ ಅಳತೆ, ಅಂಕ ಏರಿದಷ್ಟೂ ಹುಳಿ ಕಡಿಮೆ) ಒಂದು ಅಂಕ ಏರಿದರೆ ಹೈಡ್ರಾಕ್ಸೈಡ್ 10 ಪಟ್ಟು ಆಗುತ್ತದೆ. ಹಾಗಾಗಿ ಸಿದ್ಧಾಂತದ ಪ್ರಕಾರ ಕರಗಿದ ಅಲ್ಯೂಮಿನಿಯಂ ಅಯಾನು 1,000 ಪಟ್ಟು ಕಡಿಮೆ. ಪಿಎಚ್ 4ರ ಆಸುಪಾಸಿನ ಮಣ್ಣನ್ನು 5.5ಕ್ಕೆ ತಂದರೆ ಬೇರಿನ ಪಾಡು ಯಾಕೆ ಅಷ್ಟು ಬದಲಾಗುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. ಮಲೆನಾಡಿನ ಕಾಫಿ ತೋಟಗಳಲ್ಲಿ ಸುಣ್ಣ, ಡಾಲೊಮೈಟ್ ಹಾಕುವುದರ ಹಿಂದೆಯೂ ಹುಳಿ ಇಳಿಸುವ ಇದೇ ಲೆಕ್ಕ.

ಬೇರನ್ನು ಕಿತ್ತು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹುಳಿ ಮತ್ತು ಲೋಹದ ಮಣ್ಣಲ್ಲಿ ಬೇರು ಗಿಡ್ಡವಾಗಿ, ದಪ್ಪವಾಗಿ, ತುದಿ ಕಂದು ಬಣ್ಣವಾಗಿ ನಿಂತುಬಿಡುತ್ತದೆ. ಪಕ್ಕದ ಕವಲುಗಳೇ ಇರುವುದಿಲ್ಲ. ಸುಣ್ಣ ಹಾಕಿದ ಮಣ್ಣಲ್ಲಿ ಅದೇ ಬೀಜದ ಬೇರು ಬೆಳ್ಳಗೆ, ಉದ್ದಕ್ಕೆ ಇಳಿದು ಕವಲೊಡೆಯುತ್ತದೆ. ಎಲೆಯ ಬಣ್ಣಕ್ಕಿಂತ ಬೇರಿನ ಉದ್ದವೇ ನಂಬುವಂಥ ಗುರುತು.

1978ರಲ್ಲಿ ಸಡ್ಬರಿಯಲ್ಲಿ ಕೆಲಸ ಶುರುವಾಯಿತು. ಆಗ ಗಣಿ ಕಂಪನಿಗಳಲ್ಲಿ ಕೆಲಸ ಕಡಿತವಾಗಿತ್ತು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಕೂಲಿ ಕೊಟ್ಟು ಸೇರಿಸಿಕೊಂಡರು. ಇಳಿಜಾರು ಬಂಡೆಗಳ ಮೇಲೆ ಯಂತ್ರ ಹತ್ತುವುದಿಲ್ಲ. ಹಾಗಾಗಿ ಡಾಲೊಮೈಟ್ ಸುಣ್ಣದ ಚೀಲಗಳನ್ನು ಹೊತ್ತುಕೊಂಡು ಹೋಗಿ ಕೈಯಲ್ಲೇ ಎರಚಿದರು. ಹೆಕ್ಟೇರ್‌ಗೆ ಸುಮಾರು 10 ಟನ್. ಡಾಲೊಮೈಟ್‌ನಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಸಿಗುತ್ತದೆ. ಆಮೇಲೆ ರಂಜಕ ಜಾಸ್ತಿ ಇರುವ ಗೊಬ್ಬರ, ಅದಾದ ಮೇಲೆ ಹುಲ್ಲು ಮತ್ತು ದ್ವಿದಳ ಗಿಡಗಳ ಮಿಶ್ರ ಬೀಜ. ದ್ವಿದಳ ಯಾಕೆ ಅಂದರೆ ಗಾಳಿಯ ಸಾರಜನಕ ಹಿಡಿದು ಕೊಡುವವರು ಯಾರಾದರೂ ಬೇಕಲ್ಲ! ಬೀಜವನ್ನು ಬೇಕಂತಲೇ ವಿರಳವಾಗಿ ಬಿತ್ತಿದರು. ಹುಲ್ಲು ಒತ್ತಾಗಿ ಬೆಳೆದರೆ ಮರದ ಸಸಿಗೆ ಜಾಗ ಇರುವುದಿಲ್ಲ.

ಆಮೇಲೆ ಆದದ್ದು ನನಗೆ ತುಂಬಾ ಇಷ್ಟವಾದ ಭಾಗ. ಯಾರೂ ಬಿತ್ತದ ಬರ್ಚ್, ಪಾಪ್ಲರ್, ವಿಲೋ ಮರಗಳ ಬೀಜ ಗಾಳಿಯಲ್ಲಿ ಹಾರಿ ಬಂದು ಸುಣ್ಣ ಬಿದ್ದ ಜಾಗದಲ್ಲಿ ಮೊಳೆತವು. ಅಲ್ಲಿನ ಲಾರೆನ್ಶಿಯನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೀತ್ ವಿಂಟರ್‌ಹಾಲ್ಡರ್ ಇದನ್ನು ಹತ್ತಿರದಿಂದ ಅಧ್ಯಯನ ಮಾಡಿದವರು. ಸುಣ್ಣವನ್ನು ಅವರು ಚಾಲನೆ ಕೊಡುವ ಅಂಶ ಅಂತ ನೋಡಿದರು. ಅಂದರೆ ಮಣ್ಣನ್ನು ಪೂರ್ತಿ ರಿಪೇರಿ ಮಾಡಬೇಕಿಲ್ಲ. ಒಂದು ಅಡ್ಡಿ ತೆಗೆದರೆ ಸಾಕು, ಮುಂದಿನದನ್ನು ಗಿಡಗಳೇ ನಡೆಸುತ್ತವೆ. ಉದುರಿದ ಎಲೆ ಕೊಳೆತು ಲೋಹ ಅಂಟುವ ಜಾಗ ಹೆಚ್ಚುತ್ತದೆ, ಬೇರು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಮುಂದೆ ಜ್ಯಾಕ್ ಪೈನ್, ಕೆಂಪು ಪೈನ್ ಸಸಿ ನೆಡುವ ಕೆಲಸವೂ ಸೇರಿಕೊಂಡಿತು. 2022ರಲ್ಲಿ ಒಂದು ಕೋಟಿಯನೇ ಗಿಡ ನೆಟ್ಟರು. ಸುಣ್ಣ ಬಿದ್ದದ್ದು ಸುಮಾರು 3,400 ಹೆಕ್ಟೇರ್‌ಗೆ, ಅಂದರೆ ಒಟ್ಟು ಕೆಟ್ಟ ನೆಲದ ಚಿಕ್ಕ ಪಾಲಿಗೆ ಮಾತ್ರ.

ಹಾಗಾದರೆ ಇದೇ ವಿಧಾನವನ್ನು ನಮ್ಮ ಕೋಲಾರದ ಕೆಜಿಎಫ್‌ನ ಸೈನೈಡ್ ಗುಡ್ಡಗಳಿಗೆ ಹಾಕಬಹುದಾ? ಹಾಗೇ ಎತ್ತಿ ಹಾಕಲು ಆಗುವುದಿಲ್ಲ. ಸಡ್ಬರಿಯ ಬೆಟ್ಟಗಳಲ್ಲಿದ್ದದ್ದು ಕೆಟ್ಟುಹೋದ ಕಾಡಿನ ಮಣ್ಣು. ಕೆಜಿಎಫ್‌ನಲ್ಲಿ ಇರುವುದು ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಕಲ್ಲಿನ ಪುಡಿ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಗಾಳಿ ಬೀಸಿದರೆ ಅದು ಮನೆಗಳ ಮೇಲೆ ಬೀಳುತ್ತದೆ, ಅಲ್ಲಿನ ಜನ ಅದನ್ನೇ ಉಸಿರಾಡಬೇಕು. ಅಲ್ಲಿ ಹೋಲಿಸಬೇಕಾದದ್ದು ಸಡ್ಬರಿಯ ಕಾಪರ್ ಕ್ಲಿಫ್‌ನಲ್ಲಿರುವ ಇಂಥದ್ದೇ ಪುಡಿಯ ಬಯಲನ್ನು. ಅಲ್ಲಿ ಬಿತ್ತನೆಯನ್ನು ಗಾಳಿ ಬರುವ ಕಡೆಯ ಅಂಚಿನಿಂದ ಶುರುಮಾಡಿದರು. ಇಲ್ಲದಿದ್ದರೆ ಹಾರಿಬರುವ ಪುಡಿ ಎಳೆ ಮೊಳಕೆಗಳನ್ನು ಮುಚ್ಚಿ, ಉಜ್ಜಿ ಸಾಯಿಸುತ್ತದೆ. ಬೇಗ ಬೆಳೆಯುವ ರೈ (ಗೋಧಿಯಂಥ ಧಾನ್ಯ) ಬೆಳೆಯನ್ನು ಮೊದಲು ಹಾಕಿ, ಅದರ ನೆರಳು ಮತ್ತು ಆಸರೆಯಲ್ಲಿ ಹುಲ್ಲು ಎಬ್ಬಿಸಿದರು.

ಸುಣ್ಣದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಸೈನೈಡ್ ಬಳಸಿ ಚಿನ್ನ ತೆಗೆಯುವಾಗ ವಿಷಾನಿಲ ಏಳದಿರಲಿ ಅಂತ ಸುಣ್ಣ ಸೇರಿಸುವುದು ವಾಡಿಕೆ. ಆಮೇಲೆ ಪುಡಿಯಲ್ಲಿ ಉಳಿದ ಗಂಧಕದ ಖನಿಜ ಗಾಳಿ, ನೀರು ತಾಗಿ ಹುಳಿ ಮಾಡಬಹುದು. ಹಾಗಾಗಿ ಒಂದೇ ಗುಡ್ಡದಲ್ಲಿ ಬೇರೆ ಬೇರೆ ಕಡೆ ಬೇರೆ ಪಿಎಚ್ ಇರಬಹುದು. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಬರುವುದು ಜಗತ್ತಿನ ಎಷ್ಟೋ ಗಣಿಗಳಲ್ಲಿ ಕಂಡಿದೆ. ಆರ್ಸೆನಿಕ್ ನಡವಳಿಕೆ ನಿಕಲ್‌ಗೆ ತದ್ವಿರುದ್ಧ. ಪಿಎಚ್ ಏರಿದಷ್ಟೂ ಅದು ಕಣ ಬಿಟ್ಟು ನೀರಿಗೆ ಬರುವುದು ಜಾಸ್ತಿ. ರಂಜಕದ ಗೊಬ್ಬರವೂ ಅದನ್ನು ತಳ್ಳಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಅದೇ ರಂಜಕ ಸೀಸವನ್ನು ಮಾತ್ರ ಕರಗದ ಖನಿಜವಾಗಿ ಕಟ್ಟಿಹಾಕುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಮಣ್ಣಿನ ವರದಿ ಕೊಟ್ಟು ಯಾವ ಪೂರಕ ಸೇರಿಸುತ್ತೀರಿ ಅಂತ ಕೇಳಿದರೆ ಮೊದಲು ಪಿಎಚ್ ಓದಿ, ನಂತರ ಆರ್ಸೆನಿಕ್ ಸಾಲು ನೋಡಿ, ಆಮೇಲೆ ಸುಣ್ಣದ ಲೆಕ್ಕಕ್ಕೆ ಕೈ ಹಾಕಿ.