ಕೋಟೆ ಹತ್ತುವ ಮೊದಲು ಚೀಲ ಬಿಚ್ಚಿ ನೋಡಿ

ಚಿತ್ರದುರ್ಗದ ಕೋಟೆಯಲ್ಲಿ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಿಂದ (ಒಂದೊಂದು ಚಿತ್ರಕ್ಕೂ ಒಂದೊಂದು ದೊಡ್ಡ ಫಿಲ್ಮ್ ಹಾಳೆ ಬಳಸುವ ಕ್ಯಾಮೆರಾ) ಚಿತ್ರ ತೆಗೆಯಬೇಕು ಎಂದು ಬರುವ ಹುಡುಗರು ಮೊದಲು ಕೇಳುವುದು ಲೆನ್ಸ್ ಬಗ್ಗೆ. ನಾನು ಕೇಳುವುದು ಒಂದೇ: ಎಲ್ಲವನ್ನೂ ಹೊತ್ತ ಮೇಲೆ ನಿಮ್ಮ ಎರಡೂ ಕೈ ಖಾಲಿ ಇರುತ್ತವೆಯೇ? ಇರುವುದಿಲ್ಲ ಎಂದಾದರೆ ಏನಾದರೊಂದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಆ ಬೆಟ್ಟ ಕೈ ಕೇಳುತ್ತದೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಸವೆದು ನುಣುಪಾಗಿವೆ, ಇಳಿಯುವಾಗಂತೂ ಗೋಡೆ ಹಿಡಿಯದೆ ಆಗುವುದಿಲ್ಲ. ಒನಕೆ ಓಬವ್ವನ ಕಿಂಡಿಯಲ್ಲಿ ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ. ಚೀಲದ ಪಕ್ಕಕ್ಕೆ ಕಟ್ಟಿದ ಟ್ರೈಪಾಡ್ ಇಂಥ ಕಡೆ ಬಂಡೆಗೆ ಸಿಕ್ಕಿಕೊಂಡು ಹಿಂದಕ್ಕೆ ಜಗ್ಗುತ್ತದೆ. ಬೆನ್ನಿನ ನಡುಮಧ್ಯಕ್ಕೆ, ನೆಟ್ಟಗೆ ಕಟ್ಟಿ. ತಲೆಗಿಂತ ಮೇಲೆ ಏಳದಿರಲಿ.

ನನ್ನ ಚೀಲವನ್ನು ಒಮ್ಮೆ ದಾವಣಗೆರೆಯಲ್ಲಿ ಮನೆ ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿ ಮೇಲಿಟ್ಟು ತೂಗಿಸಿದೆ. ನಾಲ್ಕು ಇಂಚಿಗೆ ಐದು ಇಂಚಿನ ಫಿಲ್ಮ್ ಹಾಳೆ ಹಿಡಿಯುವ, ಮಡಚುವ ಮರದ ಫೋರ್ ಬೈ ಫೈವ್ ಕ್ಯಾಮೆರಾ 2 ಕೆಜಿ, ಹೆಡ್ ಸಮೇತ ಟ್ರೈಪಾಡ್ 3 ಕೆಜಿ, ಫಿಲ್ಮ್ ಹಾಳೆ ತುಂಬಿಡುವ 6 ಹೋಲ್ಡರ್ 1 ಕೆಜಿ, ನೀರು 2 ಲೀಟರ್. ಲೆನ್ಸ್, ಬೆಳಕು ಅಳೆಯುವ ಮೀಟರ್, ಫೋಕಸ್ ನೋಡುವ ಭೂತಗನ್ನಡಿ ಲೂಪ್, ತಲೆಗೆ ಮುಸುಕು ಹಾಕಿಕೊಳ್ಳುವ ಕಪ್ಪು ಬಟ್ಟೆ, ಚೀಲದ ತೂಕವೂ ಸೇರಿ ಹತ್ತು ಕೆಜಿ ದಾಟಿತು. ಹೊರೆ ಇಳಿಸಲು ಎಲ್ಲರೂ ಮೊದಲು ಕೈ ಹಾಕುವುದು ನೀರಿಗೆ. ದಯವಿಟ್ಟು ಬೇಡ. ಏಪ್ರಿಲ್ ಬಿಸಿಲಿಗೆ ಕಾದ ಬಂಡೆಗಳ ನಡುವೆ ಬಾಯಾರಿದವನಿಗೆ ಫೋಕಸ್ ನೋಡುವ ತಾಳ್ಮೆ ಉಳಿಯುವುದಿಲ್ಲ. ಎರಡನೇ ಲೆನ್ಸ್ ಬಿಡಿ. 150 ಮಿಲಿಮೀಟರ್ ಒಂದರಲ್ಲೇ ಬಾಗಿಲು, ಬುರುಜು, ಸಂಪಿಗೆ ಸಿದ್ಧೇಶ್ವರ ಗುಡಿ ಎಲ್ಲವನ್ನೂ ತೆಗೆದಿದ್ದೇನೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮುಗಿಯಿತು.

ಭಾರದ್ದು ಬೆನ್ನಿಗೆ ಅಂಟಿಕೊಂಡಿರಬೇಕು, ಹೊರಗಡೆಗೆ ಹಗುರದ್ದು. ಸೊಂಟದ ಪಟ್ಟಿಯನ್ನು ಮೊದಲು ಬಿಗಿದು, ಆಮೇಲೆ ಹೆಗಲಿನದು. ಹೊರೆಯನ್ನು ಸೊಂಟ ಹೊರಲಿ, ಹೆಗಲಿಗೆ ಬರೀ ಚೀಲ ಬೀಳದಂತೆ ಹಿಡಿಯುವ ಕೆಲಸ ಸಾಕು.

ನನಗೆ ಅತಿ ಕಾಳಜಿ ಇರುವುದು ಹೋಲ್ಡರ್‌ಗಳ ಮೇಲೆ. ಒಂದೊಂದರಲ್ಲಿ ಎರಡು ಶೀಟ್, ಆರರಲ್ಲಿ ಹನ್ನೆರಡು. ಇಡೀ ದಿನದ ದುಡಿಮೆ ಅಷ್ಟರಲ್ಲೇ ಇದೆ. ಇಲ್ಲಿನ ಒಣಗಾಳಿ ಹೊತ್ತು ತರುವ ಸಣ್ಣ ದೂಳು ಡಾರ್ಕ್ ಸ್ಲೈಡ್ (ಹೋಲ್ಡರ್‌ನಲ್ಲಿ ಫಿಲ್ಮ್‌ಗೆ ಬೆಳಕು ತಾಗದಂತೆ ಮುಚ್ಚುವ ತೆಳು ಹಲಗೆ) ಎಳೆಯುವಾಗ ಒಳಗೆ ಹೋಗಿ ಫಿಲ್ಮ್ ಮೇಲೆ ಕೂರುತ್ತದೆ. ಕೂತ ಕಡೆ ಬೆಳಕು ತಾಗುವುದಿಲ್ಲ, ನೆಗೆಟಿವ್‌ನಲ್ಲಿ ಅದು ಖಾಲಿ ಚುಕ್ಕೆ, ಪ್ರಿಂಟ್‌ನಲ್ಲಿ ಕಪ್ಪು ಚುಕ್ಕೆ. ನನ್ನ ಮೊದಲ ಸಲದ ಪ್ರಿಂಟ್‌ಗಳಲ್ಲಿ ಆಕಾಶದ ತುಂಬ ಸಾಸಿವೆ ಚೆಲ್ಲಿದಂತಿತ್ತು. ಅಂದಿನಿಂದ ಪ್ರತಿ ಹೋಲ್ಡರ್‌ಗೂ ಪ್ರತ್ಯೇಕ ಜಿಪ್ ಕವರ್.

ಆದರೆ ಕವರ್ ಸರಸರ ಎಂದರೆ ಕೋಟೆಯ ಕೋತಿಗಳಿಗೆ ಅದು ತಿಂಡಿ ಪೊಟ್ಟಣ. ಒಮ್ಮೆ ನಾನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದಾಗ ಒಂದು ಕೋತಿ ಬಂದು ಹೋಲ್ಡರನ್ನು ಕವರ್ ಸಮೇತ ಎತ್ತಿಕೊಂಡು ಬಂಡೆ ಮೇಲೆ ಹೋಗಿ ಕೂತಿತು. ತಿನ್ನುವಂಥದ್ದಲ್ಲ ಎಂದು ತಿಳಿದು ಕೆಳಗೆ ಎಸೆಯಿತು. ಹೋಲ್ಡರ್ ಮೂಲೆ ಸೀಳಿತ್ತು, ಎರಡೂ ಶೀಟ್‌ಗೆ ಬೆಳಕು ತಾಗಿ ಹಾಳಾದವು. ಈಗ ಸೊಂಟಕ್ಕೆ ಎರಡು ಬಟ್ಟೆಚೀಲ ಕಟ್ಟಿಕೊಳ್ಳುತ್ತೇನೆ: ಎಡಗಡೆ ಹೊಸದು, ಬಲಗಡೆ ತೆಗೆದಾದದ್ದು. ಡಾರ್ಕ್ ಸ್ಲೈಡ್‌ನ ಬಿಳಿ ಅಂಚು ಹೊರಗಿದ್ದರೆ ಹೊಸದು, ಕಪ್ಪು ಅಂಚು ಹೊರಗಿದ್ದರೆ ಮುಗಿದದ್ದು ಎಂಬ ರೂಢಿ ಇದೆ ನಿಜ, ದಣಿದ ಕೈ ಅದನ್ನೂ ತಪ್ಪುತ್ತದೆ. ಎಡ, ಬಲ ತಪ್ಪುವುದಿಲ್ಲ.

ಇಲ್ಲಿನ ಗಾಳಿಯ ಬಗ್ಗೆ ಸುತ್ತಲ ಗುಡ್ಡಗಳ ಗಾಳಿಯಂತ್ರಗಳೇ ಹೇಳುತ್ತವೆ. ಬಿಚ್ಚಿದ ಬೆಲ್ಲೋಸ್, ಅಂದರೆ ಕ್ಯಾಮೆರಾದ ಮಡಿಕೆ ಮಡಿಕೆಯ ತಿದಿ, ಹಾಯಿಯಂತೆ ಗಾಳಿ ಹಿಡಿಯುತ್ತದೆ. ಚೀಲವನ್ನೇ ಟ್ರೈಪಾಡ್ ನಡುಕಂಬಕ್ಕೆ ತೂಗುಹಾಕಿ, ತಳ ನೆಲಕ್ಕೆ ತುಸು ತಾಗುವಂತೆ. ಪೂರ್ತಿ ತೂಗಿದರೆ ಅದೇ ಓಲಾಡಿ ಕ್ಯಾಮೆರಾವನ್ನು ಅಲುಗಿಸುತ್ತದೆ. ಕಾಲಿಗೆ ರಬ್ಬರ್ ಇರಲಿ. ಕಬ್ಬಿಣದ ಮೊಳೆ ಬಂಡೆ ಮೇಲೆ ಜಾರುತ್ತದೆ, ಹಳೆಯ ಕಲ್ಲಿಗೂ ಗಾಯ. ಅಂದಹಾಗೆ, ಕೋಟೆ ಇರುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿ. ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆದು, ಕಾಗದವನ್ನು ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳಿ.

ದಾವಣಗೆರೆಯಿಂದ ಬಸ್ಸಿನಲ್ಲಿ ಬರುವವರು ಚೀಲವನ್ನು ಡಿಕ್ಕಿಗೆ ಹಾಕದೆ ತೊಡೆ ಮೇಲಿಟ್ಟುಕೊಳ್ಳಿ, ಹಿಂದಿನ ಚಕ್ರದ ಮೇಲಿನ ಸೀಟು ಬೇಡ. ಬೈಕಿನ ಕ್ಯಾರಿಯರ್‌ಗೆ ಕಟ್ಟಿ ತಂದ ಒಂದು ದಿನ ನಡುಗಿ ನಡುಗಿ ಲೆನ್ಸನ್ನು ಅದರ ಬೋರ್ಡ್‌ಗೆ ಬಿಗಿಯುವ ಹಿಂದಿನ ಉಂಗುರವೇ ಸಡಿಲವಾಗಿತ್ತು. ಫೋಕಸ್ ನೋಡುವ ಮಸುಕು ಗಾಜು, ಗ್ರೌಂಡ್ ಗ್ಲಾಸ್‌ನಲ್ಲಿ ಒಂದು ಮೂಲೆ ಮಾತ್ರ ಮಸುಕಾಗಿ ಕಂಡಾಗ ನನ್ನ ಕಣ್ಣನ್ನೇ ಅನುಮಾನಿಸಿದೆ. ಈಗ ಕಾರಿನಲ್ಲಿ ಚಳ್ಳಕೆರೆ ಕಂಬಳಿಯನ್ನು ನಾಲ್ಕು ಮಡಿಕೆ ಹಾಸಿ ಅದರ ಮೇಲೆ ಚೀಲ ಇಡುತ್ತೇನೆ. ಕಂಬಳಿ ಚೀಲದ ಹೊರಗೇ ಇರಲಿ, ಉಣ್ಣೆಯ ಎಳೆ ಉದುರಿದರೆ ಫಿಲ್ಮ್‌ಗೆ ದೂಳಿನಷ್ಟೇ ಕೆಡುಕು. ಊಟಕ್ಕೆ ನಿಂತಾಗಲೂ ಹೋಲ್ಡರ್‌ಗಳು ನನ್ನ ಜೊತೆ ಹೋಟೆಲಿನೊಳಗೆ ಬರುತ್ತವೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಫಿಲ್ಮ್ ಇಡಬಾರದು.