ಉಪ್ಪೂ ಬೆಳೆಯುತ್ತದಲ್ಲ, ಅದಕ್ಯಾಕೆ ಜೀವ ಇಲ್ಲ?

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳ ಕಡೆ ಹೋದರೆ ಉಪ್ಪನ್ನು ಮಾಡುತ್ತಾರೆ ಅನ್ನುವುದಕ್ಕಿಂತ ಬೆಳೆಯುತ್ತಾರೆ ಅನ್ನುವ ಮಾತೇ ಸಹಜವಾಗಿ ಬರುತ್ತದೆ. ಹಾಗಾಗಿ ಆ ಕಡೆಯ ನೆಂಟರ ಹುಡುಗಿ, ಒಂಬತ್ತನೇ ಕ್ಲಾಸಿನವಳು, ವಿಜ್ಞಾನದ ಪುಸ್ತಕ ಹಿಡಿದುಕೊಂಡು ಬಂದು ಕೇಳಿದ್ದಕ್ಕೆ ನನಗೆ ನಗು ಬರಲಿಲ್ಲ. "ಮಾವ, ಜೀವ ಇರೋದೆಲ್ಲ ಬೆಳೆಯುತ್ತೆ ಅಂತ ಟೀಚರ್ ಬರೆಸಿದ್ದಾರೆ. ಉಪ್ಪೂ ಬೆಳೆಯುತ್ತಲ್ಲ?"

ಬೆಳೆಯುತ್ತದೆ, ಸುಳ್ಳಲ್ಲ. ಬಿಸಿಲಿಗೆ ನೀರು ಆರಿದಂತೆ ಮಡಿಯಲ್ಲಿ ಸಣ್ಣ ಹರಳು ಕೂರುತ್ತದೆ. ಆಮೇಲೆ ದಪ್ಪವಾಗುತ್ತದೆ. ಅದನ್ನು ಒಡೆದು ಮತ್ತೆ ಗಟ್ಟಿ ಉಪ್ಪುನೀರಿಗೆ ಹಾಕಿದರೆ ಎರಡು ತುಂಡೂ ಬೇರೆ ಬೇರೆಯಾಗಿ ಬೆಳೆಯುತ್ತವೆ. ಮರಿ ಹಾಕಿದ ಹಾಗೇ! ಅದೇ ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಬೆಳೆದ ಕಗ್ಗ ಭತ್ತದ ಬೀಜ ನೋಡಿ. ತಿಂಗಳುಗಟ್ಟಲೆ ಮನೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಅಲ್ಲಾಡುವುದಿಲ್ಲ, ಬೆಳೆಯುವುದಿಲ್ಲ, ಉಸಿರಾಡುವುದೂ ಕಾಣುವುದಿಲ್ಲ. ಆದರೂ ಜೀವ ಇರುವುದು ಅದಕ್ಕೇ.

ಚಲನೆ, ಬೆಳವಣಿಗೆ, ಉಸಿರಾಟ, ಸಂತಾನ ಅಂತ ಬಾಯಿಪಾಠ ಮಾಡಿಸುವ ಪಟ್ಟಿ ಇದೆಯಲ್ಲ, ಅದರ ಹಿಂದೆ ಇನ್ನೂರು ವರ್ಷದ ಜಗಳವಿದೆ. ಮಕ್ಕಳಿಗೆ ಪಟ್ಟಿ ಮಾತ್ರ ಸಿಗುತ್ತದೆ, ಜಗಳ ಸಿಗುವುದಿಲ್ಲ. ಸ್ವಾರಸ್ಯ ಇರುವುದು ಜಗಳದಲ್ಲಿ.

ಪಾಠ ಶುರುವಾಗುವುದು ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯಿಂದ. 1665ರಲ್ಲಿ ಆತ ಬೆಂಡಿನ ತೆಳು ಪದರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಅಂತ ಪುಸ್ತಕ ಹೇಳುತ್ತದೆ. ಆತನ ಬೆಂಡು ಎಂದರೆ ಬಾಟಲಿಗೆ ಬಿರಡೆ ಮಾಡುವ ಕಾರ್ಕು, ದೂರದೇಶದ ಓಕ್ ಮರದ ತೊಗಟೆ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಬೆಂಡು ಅಂದರೆ ಗುಡಿಗಾರರು ಮದುವೆಯ ಬಾಸಿಂಗ ಮಾಡುವ ಬಿಳೀ ಹಗುರ ವಸ್ತು. ಗಿಡ ಬೇರೆ, ಹೆಸರು ಒಂದೇ. ಪರವಾಗಿಲ್ಲ, ಹುಕ್ ಕೂಡ ಕಾರ್ಕಿಗೆ ನಿಲ್ಲದೆ ಬೇರೆ ಗಿಡಗಳ ತಿರುಳನ್ನೂ ಕತ್ತರಿಸಿ ನೋಡಿದ್ದ. ನಾವೂ ಅಟ್ಟದಲ್ಲಿದ್ದ ಹಳೇ ಬಾಸಿಂಗದ ಒಂದು ತುಂಡು ಮುರಿದೆವು.

ಹೊಸ ಬ್ಲೇಡು ಬೇಕು. ಹಳತಾದರೆ ಬೆಂಡು ಹಿಸುಕಿ ಹೋಗುತ್ತದೆ. ನಾಲ್ಕೈದು ಸಲ ಕೆಟ್ಟ ಮೇಲೆ ಆಚೆಯ ಬೆಳಕು ಕಾಣುವಷ್ಟು ತೆಳುವಾದ ಒಂದು ಚೂರು ಸಿಕ್ಕಿತು. ಗಾಜಿನ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಎರವಲು ತಂದ ಸೂಕ್ಷ್ಮದರ್ಶಕದಲ್ಲಿ ಇಟ್ಟೆವು. ಮೊದಲು ಕಂಡಿದ್ದು ಗಾಳಿಗುಳ್ಳೆಯ ಕಪ್ಪು ಉಂಗುರ. ಇದೇ ಜೀವಕೋಶ ಅಂತ ಅವಳು ಹಿಗ್ಗಿದಳು. ಎಲ್ಲರೂ ಮೊದಲು ಮಾಡುವ ತಪ್ಪು ಅದು. ಚೂರನ್ನು ಸ್ವಲ್ಪ ಸರಿಸಿದಾಗ ಜೇನಿನ ಎರಿಯ ಹಾಗೆ ಗೋಡೆಗೆ ಗೋಡೆ ಹತ್ತಿಕೊಂಡ ಕೋಣೆಗಳು ಕಂಡವು. ತುಂಬಾ ಹೊತ್ತು ನೋಡಿ ಅವಳು ಹೇಳಿದ್ದು: "ಎಲ್ಲಾ ಮನೆ ಖಾಲಿ ಇದೆ."

ಸರಿಯಾಗಿ ಹೇಳಿದಳು. ಹುಕ್ ಕಂಡಿದ್ದೂ ಖಾಲಿ ಮನೆಯನ್ನೇ. ಸತ್ತ ಕೋಶಗಳ ಗೋಡೆ ಮಾತ್ರ ಅಲ್ಲಿ ಉಳಿದಿತ್ತು. ಒಂದು ಘನ ಇಂಚು ಕಾರ್ಕಿನಲ್ಲಿ 125 ಕೋಟಿಗೂ ಜಾಸ್ತಿ ಕೋಣೆಗಳಿವೆ ಎಂದು ಆತ ಲೆಕ್ಕ ಹಾಕಿದ. ಸಣ್ಣ ಕೋಣೆ ಎಂಬ ಅರ್ಥದ 'ಸೆಲ್' ಎಂಬ ಹೆಸರನ್ನೂ ಇಟ್ಟ. ಜೀವಕ್ಕೂ ಆ ಕೋಣೆಗೂ ಏನು ಸಂಬಂಧ ಎಂದು ಮಾತ್ರ ಆತನಿಗೆ ಹೊಳೆಯಲಿಲ್ಲ. ಈ ವಿಷಯದಲ್ಲಿ ನಮ್ಮ ಕನ್ನಡದ ಹೆಸರೇ ವಾಸಿ. ಕೋಶ ಎಂದರೆ ಬೊಕ್ಕಸ, ಒಳಗೆ ಏನೋ ಕೂಡಿಟ್ಟದ್ದು ಎಂಬ ಸೂಚನೆ ಅದರಲ್ಲೇ ಇದೆ.

ಮನೆಯೊಳಗಿನವರನ್ನು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಒಂದೇ ಮಸೂರದಲ್ಲಿ 1674ರಲ್ಲಿ ಸರೋವರದ ನೀರು ನೋಡಿದ. ಅಲ್ಲಿ ಪುಟ್ಟ ಜೀವಿಗಳು ಓಡಾಡುತ್ತಿದ್ದವು. ಒಂದೇ ಕೋಶದಲ್ಲಿ ಸಂಸಾರ ನಡೆಸುವ ಜೀವಿ ನೋಡಲು ಕಾರವಾರದವರಿಗೆ ಕೆಲವು ಸಲ ಮಸೂರವೂ ಬೇಡ. ರಾತ್ರಿ ಅಲೆ ಒಡೆಯುವಾಗ ಸಮುದ್ರ ನೀಲಿಯಾಗಿ ಮಿಂಚುವುದುಂಟಲ್ಲ, ಹಾಗೆ ಮಿಂಚಿಸುವವುಗಳಲ್ಲಿ ನಾಕ್ಟಿಲೂಕಾ ಎಂಬುದೊಂದು. ದೊಡ್ಡದಾದರೆ ಒಂದು ಮಿಲಿಮೀಟರ್ ಸುಮಾರಿಗೆ ಬರುತ್ತದೆ. ಇಡೀ ಜೀವಿ ಒಂದೇ ಕೋಶ.

ಓಡಾಡಿದರೆ ಜೀವ ಇದೆ ಎಂದಾಯಿತಲ್ವಾ? ಅದಕ್ಕೂ ಪೆಟ್ಟು ಬಿತ್ತು. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಹೂವಿನ ಪರಾಗದಿಂದ ಹೊರಬಂದ ಕಣಗಳು ನೀರಲ್ಲಿ ಕುಣಿಯುವುದನ್ನು ನೋಡಿದ. ಜೀವ ಇರುವುದಕ್ಕೇ ಕುಣಿಯುತ್ತಿರಬಹುದು ಅಂದುಕೊಂಡ. ಅನುಮಾನ ಬಂದು ಗಾಜಿನ ಪುಡಿ, ಕಲ್ಲಿನ ಪುಡಿ, ಕೊನೆಗೆ ಈಜಿಪ್ಟಿನ ಸ್ಫಿಂಕ್ಸ್ ಮೂರ್ತಿಯ ಚೂರಿನ ಪುಡಿಯನ್ನೂ ನೀರಿಗೆ ಹಾಕಿದ. ಅವೂ ಕುಣಿದವು. ಇದೇ ಬ್ರೌನ್ ನಮ್ಮ ಸೀತಾಳೆ ದಂಡೆಯ ಬಳಗದ ಆರ್ಕಿಡ್ ಗಿಡಗಳ ಕೋಶದಲ್ಲಿ ಒಂದು ಚುಕ್ಕೆ ಕಂಡು, 1831ರಲ್ಲಿ ಅದಕ್ಕೆ ಈಗ ನಾವು ಕೋಶಕೇಂದ್ರ ಎನ್ನುವ ಹೆಸರು ಕೊಟ್ಟ.

ಇನ್ನು ಉಪ್ಪಿನ ವಿಷಯಕ್ಕೆ ಬರುತ್ತೇನೆ. ಗಿಡಗಳೆಲ್ಲ ಕೋಶಗಳಿಂದಾಗಿವೆ ಎಂದು 1838ರಲ್ಲಿ ಜರ್ಮನಿಯ ಶ್ಲೈಡನ್ ಹೇಳಿದ. ಆತ ಒಂದು ದಿನ ಊಟಕ್ಕೆ ಕೂತಾಗ ಕೋಶಕೇಂದ್ರದ ಮಾತೆತ್ತಿದ. ಎದುರಿಗಿದ್ದ ವಿಜ್ಞಾನಿ ಶ್ವಾನ್‌ಗೆ ಇಂಥದ್ದೇ ಚುಕ್ಕೆಯನ್ನು ಪ್ರಾಣಿಗಳಲ್ಲೂ ಕಂಡ ನೆನಪಾಯಿತು. ಪ್ರಾಣಿಗಳೂ ಕೋಶಗಳಿಂದಲೇ ಆಗಿವೆ ಎಂದು ಆತ 1839ರಲ್ಲಿ ಬರೆದ. ಇಷ್ಟು ಪಾಠದಲ್ಲಿದೆ. ಇಲ್ಲದ್ದು ಇದು: ಹೊಸ ಕೋಶ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಶ್ವಾನ್ ಕೊಟ್ಟ ಹೋಲಿಕೆ ಹರಳಿನದು. ಉಪ್ಪುನೀರಿನಲ್ಲಿ ಹರಳು ಕೂರುವಂತೆ ದೇಹದ ದ್ರವದಲ್ಲಿ ಕೋಶ ತಾನಾಗಿ ಕೂರುತ್ತದೆ ಎಂದು ಆತ ನಂಬಿದ್ದ. ನಮ್ಮ ಹುಡುಗಿಯ ಪ್ರಶ್ನೆ ಪೆದ್ದು ಪ್ರಶ್ನೆಯಾಗಿದ್ದರೆ ಕೋಶ ಸಿದ್ಧಾಂತ ಕಟ್ಟಿದವನೂ ಪೆದ್ದನೇ ಆಗಬೇಕಿತ್ತು.

ತಪ್ಪು ತಿದ್ದಿದ್ದು ರೆಮಾಕ್ ಮತ್ತು ವಿರ್ಶೋ ಎಂಬ ಇಬ್ಬರು ವಿಜ್ಞಾನಿಗಳು. ಒಂದು ಕೋಶ ಇಬ್ಭಾಗವಾಗಿ ಎರಡಾಗುತ್ತದೆ ಎಂದು 1852ರಲ್ಲಿ ರೆಮಾಕ್ ತೋರಿಸಿದ. ಕೋಶ ಹುಟ್ಟುವುದು ಕೋಶದಿಂದಲೇ ಎಂದು 1855ರಲ್ಲಿ ವಿರ್ಶೋ ಸಾರಿದ, ಹೆಸರೂ ಅವನದೇ ಆಯಿತು. ಹರಳಿಗೆ ತಾಯಿ ಬೇಕಿಲ್ಲ, ಗಟ್ಟಿ ಉಪ್ಪುನೀರು ಸಾಕು. ಕೋಶಕ್ಕೆ ತಾಯಿ ಬೇಕು. ಮತ್ತೆ, ಹರಳು ಹೊರಗಿನಿಂದ ಪದರ ಅಂಟಿಸಿಕೊಂಡು ದಪ್ಪವಾಗುತ್ತದೆ. ಕೋಶ ಆಹಾರವನ್ನು ಒಳಗೆ ತೆಗೆದುಕೊಂಡು, ಅದನ್ನು ಮುರಿದು ಕಟ್ಟಿ ತನ್ನದಾಗಿಸಿಕೊಳ್ಳುತ್ತದೆ.

ಇದು ಅಡಿಕೆ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಶಿರಸಿ ಕಡೆ ಆಷಾಢದ ಮಳೆ ಬಿಡದೆ ಹೊಡೆದರೆ ಕಾಯಿ ಉದುರುತ್ತದೆ. "ಮಳೆ ಜಾಸ್ತಿಯಾಗಿ ಕೊಳೆ ಬಂತು" ಎನ್ನುತ್ತೇವೆ, ಮಳೆಯೇ ಕೊಳೆಯನ್ನು ಹೆತ್ತ ಹಾಗೆ. ಯುರೋಪಿನವರೂ ಹಾಗೇ ಅಂದುಕೊಂಡಿದ್ದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆತಾಗ, ಕೊಳೆತದ್ದರಿಂದ ಬೂಸ್ಟು ಹುಟ್ಟಿತು ಎಂದವರೇ ಜಾಸ್ತಿ. ಬೂಸ್ಟಿನಿಂದಲೇ ಕೊಳೆತದ್ದು ಎಂದು ಜರ್ಮನಿಯ ಸಸ್ಯವಿಜ್ಞಾನಿ ಡಿ ಬಾರಿ 1861ರಲ್ಲಿ ಸಾಬೀತು ಮಾಡಿದ. ಆ ಹೊತ್ತಿಗೇ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಕತ್ತು ಬಾಗಿದ ಗಾಜಿನ ಬುರುಡೆಯಲ್ಲಿ ಸಾರು ಕುದಿಸಿಟ್ಟು, ಹೊರಗಿನ ಧೂಳು ಬೀಳದಿದ್ದರೆ ಅದು ಕೆಡುವುದಿಲ್ಲ ಎಂದು ತೋರಿಸುತ್ತಿದ್ದ.

ನಮ್ಮ ಅಡಿಕೆಯ ಕೊಳೆಯೂ ಆಲೂಗಡ್ಡೆಯ ಆ ರೋಗದ ದಾಯಾದಿಯೇ. ಎರಡನ್ನೂ ತರುವುದು ಫೈಟಾಫ್ತೊರಾ ಎಂಬ ಒಂದೇ ಕುಲದ ಬೂಸ್ಟು. ಪಕ್ಕದ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಇದರ ಬಗ್ಗೆ ಬರೆದ ವರದಿಗೆ 'ಕೊಳೆರೋಗ' ಎಂಬ ಕನ್ನಡದ ಹೆಸರನ್ನೇ ಇಟ್ಟ. ಈ ಫೈಟಾಫ್ತೊರಾದ ಬೀಜಕಣಗಳಿಗೆ ಎರಡೆರಡು ಬಾಲ. ಕಾಯಿಯ ಮೇಲಿನ ತೆಳು ನೀರಿನಲ್ಲಿ ಅವು ಈಜುತ್ತವೆ. ಅಂದರೆ ಮಳೆ ತಾಯಿಯಲ್ಲ, ದೋಣಿಯ ದಾರಿ. ಕೊನೆಗೌಡ ಮರ ಹತ್ತಿ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಆ ಈಜುಗಾರರು ಕಾಯಿಯೊಳಗೆ ನುಗ್ಗದಿರಲಿ ಅಂತ. ಅದಕ್ಕೇ ಕೊಳೆ ಬರುವ ಮೊದಲೇ ಹೊಡೆಯಬೇಕು.

ಅಷ್ಟಕ್ಕೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಜೀವ ಅಂದರೆ ಕೋಶ, ಕೋಶ ಇಲ್ಲದ್ದಕ್ಕೆ ಜೀವ ಇಲ್ಲ. ಆದರೆ 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ರೋಗ ಹಿಡಿದ ತಂಬಾಕಿನ ಎಲೆ ಅರೆದು, ಸೋಸಿ, ಅದರಲ್ಲಿದ್ದ ವೈರಸ್ಸನ್ನು ಹರಳು ಮಾಡಿಬಿಟ್ಟ. ಹೌದು, ಮತ್ತೆ ಹರಳು! ಸೀಸೆಯಲ್ಲಿ ಸುಮ್ನೆ ಇರುತ್ತದೆ. ನೀರಿಗೆ ಕರಗಿಸಿ ಎಲೆಗೆ ಸವರಿದರೆ ಗಿಡಕ್ಕೆ ರೋಗ ಬರುತ್ತದೆ, ವೈರಸ್ಸು ಲೆಕ್ಕವಿಲ್ಲದಷ್ಟಾಗುತ್ತದೆ. 1946ರಲ್ಲಿ ಆತನಿಗೆ ನೊಬೆಲ್ ಬಂತು, ಅದೂ ರಸಾಯನ ವಿಜ್ಞಾನದಲ್ಲಿ.

ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ವೈರಸ್ ಪುಸ್ತಕದ ಮಾತಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುವಾಗ ಪತ್ತೆಯಾದ ಮಂಗನ ಕಾಯಿಲೆ ಉತ್ತರ ಕನ್ನಡ ಜಿಲ್ಲೆಗೂ ಬಂದಿದೆ. ಉಣುಗು ಕಚ್ಚಿದಾಗ ಆ ವೈರಸ್ ಮೈಗೆ ಸೇರುತ್ತದೆ. ಅದಕ್ಕೆ ಸ್ವಂತ ಮನೆಯಿಲ್ಲ, ಅಡುಗೆಯಿಲ್ಲ. ನಮ್ಮ ಕೋಶದೊಳಗೆ ಹೊಕ್ಕು ನಮ್ಮ ಪಾತ್ರೆ, ನಮ್ಮ ಒಲೆಯಲ್ಲೇ ತನ್ನ ನಕಲು ಬೇಯಿಸಿಕೊಳ್ಳುತ್ತದೆ.

"ಹಾಗಾದ್ರೆ ಅದು ಉಪ್ಪೋ, ಕಗ್ಗದ ಬೀಜವೋ?" ಅಂದಳು.

ಸೀಸೆಯಲ್ಲಿದ್ದಾಗ ಎರಡರ ಹಾಗೂ ಕಾಣುತ್ತದೆ. ಕಗ್ಗದ ಬೀಜದೊಳಗೆ ಸಾವಿರಾರು ಕೋಶಗಳು ನಿದ್ದೆಯಲ್ಲಿವೆ. ನೀರು ತಾಗಿದರೆ ಸಾಕು, ತಮ್ಮದೇ ಗಂಟಿನಲ್ಲಿರುವ ಹಿಟ್ಟು ಕರಗಿಸಿಕೊಂಡು ಎದ್ದೇಳುತ್ತವೆ. ವೈರಸ್ಸಿಗೆ ಎಷ್ಟು ನೀರು ಕೊಟ್ಟರೂ ಅದು ಏಳುವುದಿಲ್ಲ, ಇನ್ನೊಂದು ಜೀವದ ಕೋಶವೇ ಬೇಕು. ಉಪ್ಪಿಗೋ, ತನ್ನಂಥದ್ದನ್ನೇ ಮತ್ತೆ ಮಾಡಿಸುವ ವಂಶವಾಹಿ ಎಂಬ ಒಳಗಿನ ಬರಹವೇ ಇಲ್ಲ. ವೈರಸ್ಸಿನಲ್ಲಿ ಅದಿದೆ. ಅದನ್ನು ಯಾವ ಕಡೆ ಸೇರಿಸಬೇಕು ಎಂದು ವಿಜ್ಞಾನಿಗಳಲ್ಲೇ ಇವತ್ತಿಗೂ ಒಮ್ಮತ ಇಲ್ಲ ಅಂದೆ. ಅವಳು ನೋಟ್‌ಬುಕ್ಕಿನಲ್ಲಿ ಟೀಚರ್ ಬರೆಸಿದ್ದ ಪಟ್ಟಿಯ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿಕೊಂಡು, ಈರುಳ್ಳಿ ಸಿಪ್ಪೆ ತರಲು ಒಳಗೆ ಹೋದಳು. ಈ ಸಲ ಒಳಗೆ ಯಾರಾದರೂ ಇರುವ ಮನೆ ನೋಡಬೇಕಂತೆ.